ಲಿವರ್ ಸ್ಪಂಜಾದಾಗ: ಬೈಕ್ ಬ್ರೇಕಿನ ಗಾಳಿಯನ್ನು ಮನೆಯಲ್ಲೇ ತೆಗೆಯುವುದು

ಡಿಸ್ಕ್ ಬ್ರೇಕಿನ ಲಿವರ್ ಒತ್ತಿದರೆ ಸ್ವಲ್ಪ ದೂರ ಸರಿದು ಕಲ್ಲಿಗೆ ತಾಗಿದ ಹಾಗೆ ನಿಲ್ಲಬೇಕು. ಹಾಗಾಗದೆ, ಒದ್ದೆ ಸ್ಪಂಜು ಹಿಂಡಿದಂತೆ ಹ್ಯಾಂಡಲ್ ಹಿಡಿಯ ಹತ್ತಿರದವರೆಗೂ ಬಂದು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾಗುತ್ತಿದೆ ಅಂದರೆ ಗ್ಯಾರೇಜಿನವರು ಒಂದೇ ಮಾತು ಹೇಳುತ್ತಾರೆ: 'ಏರ್ ಹಿಡಿದಿದೆ.' ಹೆಚ್ಚಿನ ಸಲ ಅದು ಸರಿಯೇ. ಇದನ್ನು ತೆಗೆಯಲು ಒಂದು ಸ್ಪ್ಯಾನರ್, ಒಂದು ಗಜ ಪೈಪು, ಒಂದು ಖಾಲಿ ಬಾಟಲಿ ಮತ್ತು ಒಂದೆರಡು ಗಂಟೆಯ ತಾಳ್ಮೆ ಸಾಕು. ತಾಳ್ಮೆ ಕೆಡುವುದು ಯಾಕೆಂದರೆ ಗುಳ್ಳೆ ಯಾವಾಗಲೂ ಮೇಲಕ್ಕೆ ಹೋಗಲು ನೋಡುತ್ತದೆ, ನಾವು ಅದನ್ನು ಕೆಳಗೆ, ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಹಿಡಿಯುವ ಕ್ಯಾಲಿಪರಿನ ಕಡೆಗೆ ತಳ್ಳಲು ಹೋಗುತ್ತೇವೆ. ಈ ಜಗಳ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಒಂದು ಗುಳ್ಳೆ ಎಷ್ಟು ಹಾಳು ಮಾಡುತ್ತದೆ

ದ್ರವವನ್ನು ಒತ್ತಿದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಬೆರಳಿನ ಒತ್ತಡ ಹ್ಯಾಂಡಲಿನ ಮೇಲಿರುವ ಮಾಸ್ಟರ್ ಸಿಲಿಂಡರಿನಿಂದ ಹೊರಟು ಹೋಸ್ ಮೂಲಕ ಕ್ಯಾಲಿಪರಿನ ಪಿಸ್ಟನ್‌ಗೆ ಹಾಗೇ ತಲುಪುವುದು ಆ ಗುಣದಿಂದಲೇ. ಗಾಳಿ ಹಾಗಲ್ಲ, ಒತ್ತಿದಷ್ಟೂ ಕುಗ್ಗುತ್ತದೆ.

ಲೆಕ್ಕ ಹಾಕಿ ನೋಡೋಣ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 12.7 ಮಿ.ಮೀ. ವ್ಯಾಸದ್ದು ಅಂದುಕೊಳ್ಳಿ. ಅದು 1 ಮಿ.ಮೀ. ಮುಂದೆ ಸರಿದರೆ ಹೊರಗೆ ತಳ್ಳುವ ದ್ರವ ಸುಮಾರು 0.127 ಮಿ.ಲೀ. ಮಾತ್ರ. ಈಗ ಹೋಸಿನೊಳಗೆ ಎಲ್ಲೋ 1 ಮಿ.ಲೀ. ಗಾಳಿ ಕೂತಿದೆ. ಸಾಧಾರಣ ಬ್ರೇಕಿಗೆ ಬೇಕಾದ 20 ಬಾರ್ ಒತ್ತಡ, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೂ ಸುಮಾರು ಇಪ್ಪತ್ತು ಪಟ್ಟು, ಬಂದಾಗ ಆ ಗಾಳಿ ತನ್ನ ಇಪ್ಪತ್ತೊಂದನೇ ಒಂದು ಪಾಲಿಗೆ ಕುಗ್ಗುತ್ತದೆ. ಅಂದರೆ 0.95 ಮಿ.ಲೀ.ಯಷ್ಟು ದ್ರವ ಪ್ಯಾಡನ್ನು ಒತ್ತುವ ಬದಲು ಗಾಳಿ ಬಿಟ್ಟುಕೊಟ್ಟ ಜಾಗ ತುಂಬಲು ಹೋಯಿತು. ಅಷ್ಟಕ್ಕೆ ಪಿಸ್ಟನ್ ಏಳೂವರೆ ಮಿ.ಮೀ. ಓಡಬೇಕು. ಲಿವರಿನ ತುದಿ ಪಿಸ್ಟನ್ನಿಗಿಂತ ಸುಮಾರು ಐದಾರು ಪಟ್ಟು ಹೆಚ್ಚು ಓಡಾಡುವುದರಿಂದ ಬೆರಳಿನಲ್ಲಿ ಅದು 40 ಮಿ.ಮೀ. ಹತ್ತಿರ. ಲಿವರ್ ಹಿಡಿಗೆ ತಾಗುವುದಕ್ಕೆ ಉಳಿದದ್ದೇನು? ಅದರ ಐದನೇ ಒಂದು ಪಾಲು, ಅಂದರೆ ಕೆಲವು ಹನಿಯಷ್ಟು ಗಾಳಿ ಉಳಿದರೂ ಲಿವರ್ 8 ಮಿ.ಮೀ. ಮೆತ್ತಗಾಗುತ್ತದೆ. 'ಮುಕ್ಕಾಲು ಭಾಗ ಗಾಳಿ ತೆಗೆದೆ, ಆದರೂ ಸ್ಪಂಜು ಹೋಗಿಲ್ಲ' ಎಂದು ಗೊಣಗುವವರಿಗೆ ಉತ್ತರ ಇಲ್ಲೇ ಇದೆ. ಉಳಿದ ಕಾಲು ಭಾಗ ಹೋಗುವ ತನಕ ಕೆಲಸ ಮುಗಿದಿಲ್ಲ.

ನಿಜವಾಗಿಯೂ ಗಾಳಿಯೇ?

ನಟ್ಟು ಬಿಚ್ಚುವ ಮೊದಲು ಐದು ನಿಮಿಷ ಲಿವರಿನೊಡನೆ ಮಾತಾಡಿ. ಬೇಗ ಬೇಗ ಪಂಪ್ ಮಾಡಿದರೆ ಗಟ್ಟಿಯಾಗಿ, ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾದರೆ ಗಾಳಿ. ಒಂದೇ ಸಮ ಒತ್ತಿ ಹಿಡಿದಾಗ ಲಿವರ್ ನಿಧಾನವಾಗಿ ಇಳಿಯುತ್ತಾ ಹೋದರೆ ಗಾಳಿಯಲ್ಲ, ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದು ದ್ರವ ಅದರ ಪಕ್ಕದಿಂದ ಹಿಂದಕ್ಕೆ ನುಸುಳುತ್ತಿದೆ. ಎಷ್ಟು ಬ್ಲೀಡ್ ಮಾಡಿದರೂ, ಅಂದರೆ ದ್ರವದೊಡನೆ ಗಾಳಿ ಹೊರಬಿಟ್ಟರೂ, ಅದು ಸರಿಹೋಗದು, ಸೀಲ್ ಕಿಟ್ ಹಾಕಬೇಕು. ಎಷ್ಟು ಪಂಪ್ ಮಾಡಿದರೂ ಅದೇ ಮೆತ್ತಗಿನ ಒತ್ತಡ, ಬದಲಾವಣೆಯೇ ಇಲ್ಲ ಎಂದರೆ ಹತ್ತಾರು ವರ್ಷದ ಹಳೆಯ ರಬ್ಬರ್ ಹೋಸ್ ಬಲೂನಿನಂತೆ ಉಬ್ಬುತ್ತಿರಬಹುದು. ಒಬ್ಬರು ಲಿವರ್ ಗಟ್ಟಿಯಾಗಿ ಹಿಡಿದಾಗ ಇನ್ನೊಬ್ಬರು ಹೋಸ್ ಮುಟ್ಟಿ ನೋಡಿದರೆ ಉಬ್ಬುವುದು ಕೈಗೇ ಗೊತ್ತಾಗುತ್ತದೆ.

ಇನ್ನೊಂದು ಲಕ್ಷಣ ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅರ್ಧ ದಾರಿಯಲ್ಲಿ ಪೆಡಲ್ ಬುಳಕ್ಕನೆ ಒಳಗೆ ಹೋಗುತ್ತದೆ. ಕೆಳಗೆ ಬಂದು ಚಹಾ ಕುಡಿದು ಹೊರಡುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಸರಿಯಾಗಿರುತ್ತದೆ. ಇದು ಹೊರಗಿನಿಂದ ಬಂದ ಗಾಳಿಯಲ್ಲ, ಬ್ರೇಕ್ ದ್ರವದಲ್ಲಿ ಸೇರಿಕೊಂಡ ನೀರು ಕುದಿದು ಆದ ಆವಿ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಆದ್ದರಿಂದ ಗ್ಯಾರೇಜಿಗೆ ಒಯ್ದು ತೋರಿಸಿದರೆ ಅವರಿಗೆ ದೋಷವೇ ಸಿಗುವುದಿಲ್ಲ. ಇದಕ್ಕೆ ಒಂದೆರಡು ಗುಳ್ಳೆ ತೆಗೆಯುವುದು ಪರಿಹಾರವಲ್ಲ, ಹಳೆಯ ದ್ರವ ಪೂರ್ತಿ ಹೊರಗೆ ಹೋಗಬೇಕು.

ಮುಚ್ಚಿದ ವ್ಯವಸ್ಥೆಯಲ್ಲಿ ಗಾಳಿ ತಾನಾಗಿ ಹುಟ್ಟುವುದಿಲ್ಲ. ಹೋಸ್ ಬಿಚ್ಚಿರಬೇಕು, ಸೀಲ್ ಹೋಗಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿಗೆ ದ್ರವ ಕೊಡುವ ಡಬ್ಬಿಯಲ್ಲಿ ದ್ರವ ತಳ ಕಂಡಿರಬೇಕು. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ದ್ರವ ಇಳಿಯುತ್ತದೆ, ಇದು ಸಹಜ. ಹಾಗಾಗಿ ಮಟ್ಟ ಕಡಿಮೆ ಕಂಡ ಕೂಡಲೇ ಮೇಲಿನಿಂದ ಸುರಿಯುವ ಮೊದಲು ಪ್ಯಾಡ್ ನೋಡಿ. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಅದನ್ನು ಹುಡುಕದೆ ಬ್ಲೀಡ್ ಮಾಡಿದರೆ ಮುಂದಿನ ತಿಂಗಳು ಮತ್ತೆ ಇದೇ ಕೆಲಸ.

'ಬ್ರೇಕ್ ಆಯಿಲ್' ಎಣ್ಣೆಯಲ್ಲ

ನಮ್ಮಲ್ಲಿ ಎಲ್ಲರೂ 'ಬ್ರೇಕ್ ಆಯಿಲ್' ಎನ್ನುತ್ತಾರೆ. ಆ ಹೆಸರಿನಿಂದಲೇ ಎಷ್ಟೋ ಬ್ರೇಕ್ ಹಾಳಾಗಿದೆ. ಬ್ರೇಕ್ ದ್ರವದ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಈಥರ್ ಜಾತಿಯ ದ್ರವಗಳು, ನೀರಿನಲ್ಲಿ ಕರಗುತ್ತವೆ. ಬ್ರೇಕಿನ ಸೀಲುಗಳ ರಬ್ಬರ್ ಇವಕ್ಕೆಂದೇ ಮಾಡಿದ್ದು. ಎಂಜಿನ್ ಆಯಿಲ್, ಫೋರ್ಕ್ ಆಯಿಲ್, ಡೀಸೆಲ್, ಪೆಟ್ರೋಲ್ ಯಾವುದು ಸೋಕಿದರೂ ಆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಡಬ್ಬಿಗೆ ತಪ್ಪಿ ಎಂಜಿನ್ ಆಯಿಲ್ ಹಾಕಿದ್ದರೆ ಹೊಸ ದ್ರವದಿಂದ ತೊಳೆದರೆ ಸಾಲದು, ಮೇಲೆ ಮುಚ್ಚಳದಡಿಯ ರಬ್ಬರ್ ಪೊರೆಯಾದ ಡಯಾಫ್ರಮ್‌ನಿಂದ ಕೆಳಗಿನ ಪಿಸ್ಟನ್ ಸೀಲಿನವರೆಗೆ ರಬ್ಬರ್ ಭಾಗಗಳೆಲ್ಲ ಬದಲಾಗಬೇಕು. ಕ್ಯಾಲಿಪರ್ ಒಳಭಾಗವನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸಕ್ಕೂ ಇದೇ ಮಾತು.

ಈಗಿನ ಹೆಚ್ಚಿನ ಬೈಕುಗಳಿಗೆ ಬೇಕಾದ್ದು ಡಾಟ್ 4. ಕೆಲವು ಹಳೆಯವಕ್ಕೆ ಡಾಟ್ 3. ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಇವೇ ಅಂಕಿಗಳು 205 ಮತ್ತು 140. ಹೋಸಿನ ರಬ್ಬರ್ ಮೂಲಕವೂ ಡಬ್ಬಿಯ ಮುಚ್ಚಳದ ಕಡೆಯಿಂದಲೂ ತೇವ ನಿಧಾನಕ್ಕೆ ಒಳಗೆ ಸೇರುತ್ತಲೇ ಇರುತ್ತದೆ. ಮಂಗಳೂರು, ಉಡುಪಿಯಂಥ ಊರಲ್ಲಿ ನಾಲ್ಕು ತಿಂಗಳ ಮಳೆ ಕಂಡ ಬೈಕಿಗೆ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎನ್ನುವ ಕಂಪನಿಯ ಮಾತನ್ನು ಮುಂದೂಡಬಾರದು.

ಡಾಟ್ 5 ಎಂಬುದು ಬೇರೆಯೇ, ಸಿಲಿಕೋನ್ ಆಧಾರಿತ. 5.1ಕ್ಕೂ ಅದಕ್ಕೂ ಸಂಬಂಧವಿಲ್ಲ, ಉಳಿದವುಗಳ ಜೊತೆ ಬೆರೆಸುವಂತೆಯೂ ಇಲ್ಲ. ಹೆಸರಿಟ್ಟವರಿಗೆ ಇನ್ನಷ್ಟು ಗೊಂದಲ ಮಾಡುವ ಸಂಖ್ಯೆ ಸಿಗಲಿಲ್ಲ ಅನಿಸುತ್ತದೆ.

ಎರಡು ಚಕ್ರಕ್ಕೂ ಸೇರಿ 250 ಮಿ.ಲೀ. ಬಾಟಲಿ ಧಾರಾಳ. ಸೀಲ್ ಒಡೆಯದ ಹೊಸ ಬಾಟಲಿಯೇ ಇರಲಿ. ಹೋದ ವರ್ಷ ತೆರೆದು ಶೆಡ್ಡಿನ ಮೂಲೆಯಲ್ಲಿಟ್ಟದ್ದು ಅಷ್ಟರಲ್ಲೇ ಸಾಕಷ್ಟು ನೀರು ಕುಡಿದಿರುತ್ತದೆ.

ಸಾಮಾನು, ಸಿದ್ಧತೆ

ಕ್ಯಾಲಿಪರಿನಿಂದ ದ್ರವ ಹೊರಬಿಡುವ ಸ್ಕ್ರೂ, ಅಂದರೆ ಬ್ಲೀಡ್ ನಿಪ್ಪಲ್, ಹೆಚ್ಚಿನ ಬೈಕುಗಳಲ್ಲಿ 8 ಮಿ.ಮೀ. ಕೆಲವದರಲ್ಲಿ 7 ಅಥವಾ 10. ಬಾಯಿ ತೆರೆದ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರೇ ಬೇಕು, ಆರು ಮೂಲೆಯದಾದರೆ ಇನ್ನೂ ಒಳ್ಳೆಯದು. ನಿಪ್ಪಲ್ ಒಳಗೆ ಟೊಳ್ಳು, ಮೂಲೆ ಸವೆದರೆ ಅಥವಾ ಮುರಿದರೆ ಹತ್ತು ನಿಮಿಷದ ಕೆಲಸ ಮೂರು ದಿನದ್ದಾಗುತ್ತದೆ. ಜೊತೆಗೆ ಮೀನಿನ ತೊಟ್ಟಿಗೆ ಬಳಸುವ ಪಾರದರ್ಶಕ ಪೈಪು ಒಂದು ಗಜ, ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವಂಥದ್ದು. ಒಂದು 50 ಮಿ.ಲೀ. ಸಿರಿಂಜು, ಖಾಲಿ ಬಾಟಲಿ, ಹಳೆ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ, ಒಂದು ಬಕೆಟ್ ನೀರು.

ನೀರು ಯಾಕೆಂದರೆ ಬ್ರೇಕ್ ದ್ರವ ಪೇಂಟನ್ನು ತಿನ್ನುತ್ತದೆ. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದು ಹಾಗೇ ಉಳಿದರೆ ಬಣ್ಣ ಉಬ್ಬಿ ಸಿಪ್ಪೆಯೇಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದಷ್ಟೇ, ನೀರು ಸುರಿದರೆ ಕರಗಿ ಹೋಗುತ್ತದೆ. ಕೆಲಸ ಶುರುವಾಗುವ ಮೊದಲೇ ಟ್ಯಾಂಕು, ಮುಂದಿನ ಮಡ್ಗಾರ್ಡ್ ಮೇಲೆ ಒದ್ದೆ ದಪ್ಪ ಬಟ್ಟೆ ಹಾಸಿ. ಡಿಸ್ಕ್ ಮತ್ತು ಪ್ಯಾಡಿಗೆ ಹನಿ ತಾಗಬಾರದು, ತಾಗಿದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಬಹುದು, ನೆನೆದ ಪ್ಯಾಡ್ ಬದಲಿಸುವುದೇ ಲೇಸು.

ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲೋ ಪ್ಯಾಡಾಕ್ ಸ್ಟ್ಯಾಂಡಿನಲ್ಲೋ ನೇರ ನಿಲ್ಲಿಸಿ, ಡಬ್ಬಿ ಮಟ್ಟವಾಗುವಂತೆ ಹ್ಯಾಂಡಲ್ ತಿರುಗಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ಮುಚ್ಚಳ ತೆಗೆದರೆ ದ್ರವ ಒಂದು ಪಕ್ಕಕ್ಕೆ ಸರಿದು ಚೆಲ್ಲುತ್ತದೆ.

ಮೊದಲ ಅಡ್ಡಿ ಬರುವುದು ಮುಚ್ಚಳದ ಎರಡು ಸ್ಕ್ರೂಗಳಲ್ಲಿ. ಮೆತ್ತಗಿನ ಲೋಹ, ಮಳೆಯಲ್ಲಿ ಕಚ್ಚಿಕೊಂಡಿರುತ್ತವೆ, ಮನೆಯ ಸಾಧಾರಣ ಪ್ಲಸ್ ಡ್ರೈವರಿಗೆ ತಲೆ ಕಿತ್ತುಹೋಗುತ್ತದೆ. ತಲೆಗೆ ಸರಿಯಾಗಿ ಕೂರುವ ಬಿಟ್ ಇಟ್ಟು, ಡ್ರೈವರಿನ ಹಿಂಭಾಗಕ್ಕೆ ಸುತ್ತಿಗೆಯಿಂದ ಎರಡು ಸಣ್ಣ ಏಟು ಕೊಟ್ಟು, ಆಮೇಲೆ ಮೇಲಿನಿಂದ ಭಾರ ಹಾಕುತ್ತಲೇ ತಿರುಗಿಸಿ. ಬಿಚ್ಚುವ ಮೊದಲು ಮುಚ್ಚಳದ ಸುತ್ತ ಒರೆಸಿ, ಒಂದು ಮರಳಿನ ಕಣ ಒಳಗೆ ಬಿದ್ದರೂ ಸೀಲ್ ಗೀರುತ್ತದೆ.

ಹಾಗೆಯೇ ಕ್ಯಾಲಿಪರಿನ ನಿಪ್ಪಲ್ ಟೋಪಿ ತೆಗೆದು, ಸುತ್ತಲಿನ ಮಣ್ಣು ಕೆರೆದು, ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಸ್ಪ್ರೇ ಡಿಸ್ಕಿನ ಮೇಲೆ ಹಾರದಂತೆ ಬಟ್ಟೆ ಅಡ್ಡ ಹಿಡಿದಿರಬೇಕು. ನಿಪ್ಪಲ್ ಬಿಚ್ಚುತ್ತದೆಯೋ ಇಲ್ಲವೋ ಎಂದು ಈಗಲೇ ಪರೀಕ್ಷಿಸಿ ಮತ್ತೆ ಮುಚ್ಚಿಡಿ. ಬಿಚ್ಚದಿದ್ದರೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವ ಯೋಚನೆ ಬಂದ ಕ್ಷಣವೇ ಕೆಲಸ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ. ಬ್ರೇಕ್ ಇನ್ನೂ ಒಟ್ಟಾಗಿರುವಾಗ ಹೋಗುವುದಕ್ಕೂ ನಿಪ್ಪಲ್ ಮುರಿದ ಮೇಲೆ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗುವುದಕ್ಕೂ ಖರ್ಚಿನಲ್ಲಿ ತುಂಬಾ ವ್ಯತ್ಯಾಸ.

ಒತ್ತು, ಬಿಚ್ಚು, ಮುಚ್ಚು, ಬಿಡು

ಸಿರಿಂಜಿನಿಂದ ಡಬ್ಬಿಯ ಹಳೆ ದ್ರವ ಎಳೆದು ತೆಗೆಯಿರಿ, ತಳದಲ್ಲಿ ಒಂದಿಷ್ಟು ಉಳಿಯಲಿ. ಅಲ್ಲಿ ಎರಡು ರಂಧ್ರ ಕಾಣುತ್ತದೆ, ಒಂದು ದೊಡ್ಡದು, ಒಂದು ಸೂಜಿಮೊನೆಯಷ್ಟು ಸಣ್ಣದು. ಅವು ಒಮ್ಮೆಯೂ ಗಾಳಿಗೆ ತೆರೆದುಕೊಳ್ಳಬಾರದು. ತಳದ ಕೆಸರನ್ನು ನಾರು ಬಿಡದ ಬಟ್ಟೆಯಿಂದ ಒತ್ತಿ ತೆಗೆದು, ಹೊಸ ದ್ರವ ತುಂಬಿ, ಮುಚ್ಚಳವನ್ನು ಸುಮ್ಮನೆ ಮೇಲಿಡಿ.

ಆ ಸಣ್ಣ ರಂಧ್ರದ ಬಗ್ಗೆ ಒಂದು ಮಾತು. ಲಿವರ್ ಬಿಟ್ಟಾಗ ಹೋಸಿನಲ್ಲಿ ಉಳಿದ ಒತ್ತಡ ಡಬ್ಬಿಗೆ ವಾಪಸ್ ಹೋಗುವ ದಾರಿ ಅದೇ. ಅದು ಕಟ್ಟಿಕೊಂಡರೆ ಬ್ರೇಕ್ ಬಿಟ್ಟರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಡಿಸ್ಕ್ ಕಾದು ದ್ರವ ಹಿಗ್ಗಿ ಚಕ್ರ ಇನ್ನಷ್ಟು ಬಿಗಿಯುತ್ತದೆ. ಗುಳ್ಳೆ ಮೇಲೆ ಬರುವುದೂ ಅಲ್ಲಿಂದಲೇ. ಲಿವರನ್ನು ಮೆಲ್ಲಗೆ ಒತ್ತಿದಾಗ ಆ ರಂಧ್ರದಿಂದ ದ್ರವ ಸಣ್ಣ ಕಾರಂಜಿಯಂತೆ ಚಿಮ್ಮಿದರೆ ದಾರಿ ತೆರೆದಿದೆ. ಚಿಮ್ಮದಿದ್ದರೆ ವಿದ್ಯುತ್ ತಂತಿಯ ಒಂದೇ ಎಳೆ ತಾಮ್ರ ತೂರಿಸಿ ಬಿಡಿಸಬಹುದು. ಗಟ್ಟಿ ಸೂಜಿ ಹಾಕಿದರೆ ಅದರ ತುದಿ ಒಳಗಿನ ಸೀಲಿಗೆ ಚುಚ್ಚುತ್ತದೆ.

ಈಗ ಕೆಳಗೆ. ಮೊದಲು ರಿಂಗ್ ಸ್ಪ್ಯಾನರ್ ನಿಪ್ಪಲ್ ಮೇಲೆ, ಆಮೇಲೆ ಪೈಪು. ಈ ಕ್ರಮ ಮರೆತು ಪೈಪು ಮೊದಲು ಹಾಕದವರೇ ಇಲ್ಲ. ಪೈಪು ನಿಪ್ಪಲಿನಿಂದ ಒಂದು ಗೇಣು ನೇರ ಮೇಲಕ್ಕೆ ಹೋಗಿ ಆಮೇಲೆ ಬಾಗಿ ಬಾಟಲಿಗೆ ಇಳಿಯಲಿ, ತುದಿ ಬಾಟಲಿಯ ತಳದ ದ್ರವದಲ್ಲಿ ಮುಳುಗಿರಲಿ. ಹೊರಬಂದ ಗುಳ್ಳೆ ಪೈಪಿನಲ್ಲಿ ಮೇಲೇರಿ ದೂರ ಹೋಗುತ್ತದೆ, ನಿಪ್ಪಲಿನ ಬಾಯಿಯಲ್ಲಿ ಯಾವಾಗಲೂ ದ್ರವವೇ ನಿಂತಿರುತ್ತದೆ.

ಲಿವರನ್ನು ನಿಧಾನವಾಗಿ ಒತ್ತಿ ಹಿಡಿಯಿರಿ. ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ. ಲಿವರ್ ಒಳಕ್ಕೆ ಜಾರುತ್ತದೆ, ಪೈಪಿನಲ್ಲಿ ಕಪ್ಪು ಡಿಕಾಕ್ಷನ್ನಿನಂಥ ದ್ರವ ಗುಳ್ಳೆಯೊಡನೆ ಏರುತ್ತದೆ. ಲಿವರ್ ಇನ್ನೂ ಒತ್ತಿ ಹಿಡಿದಿರುವಾಗಲೇ ನಿಪ್ಪಲ್ ಮುಚ್ಚಿ. ಮುಚ್ಚಿದ ಮೇಲಷ್ಟೇ ಲಿವರ್ ಬಿಡಿ. ಒತ್ತು, ಬಿಚ್ಚು, ಮುಚ್ಚು, ಬಿಡು. ಇಬ್ಬರು ಸೇರಿ ಮಾಡುವುದಾದರೆ ಲಿವರ್ ಹಿಡಿದವರು 'ಒತ್ತಿದೆ' ಎನ್ನಬೇಕು, ಸ್ಪ್ಯಾನರ್ ಹಿಡಿದವರು 'ಮುಚ್ಚಿದೆ' ಎನ್ನಬೇಕು, ಆ ಮಾತು ಕೇಳದೆ ಬೆರಳು ಸಡಿಲಿಸಬಾರದು. ಒಮ್ಮೆ ಮೂರನೆಯದೂ ನಾಲ್ಕನೆಯದೂ ಅದಲುಬದಲಾದರೆ ಹಿಂದಿನ ಹತ್ತು ಸಲ ತೆಗೆದ ಗಾಳಿ ಒಂದೇ ಉಸಿರಿಗೆ ವಾಪಸ್ ಹೋಗುತ್ತದೆ.

ಒಂದು ಒತ್ತಿಗೆ ಹೊರಬರುವುದು ಹೆಚ್ಚೆಂದರೆ ಒಂದೂವರೆ ಮಿ.ಲೀ. ಡಬ್ಬಿ ಚಿಕ್ಕದು, ಹಾಗಾಗಿ ಆರೆಂಟು ಒತ್ತಿಗೊಮ್ಮೆ ಮೇಲೆ ನೋಡಿ ತುಂಬುತ್ತಿರಿ. ಗುಳ್ಳೆಯ ಮೇಲೇ ಕಣ್ಣಿಟ್ಟು ಡಬ್ಬಿಯನ್ನು ಮರೆಯುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು, ಹಾಗಾದರೆ ಮೊದಲಿನಿಂದ ಶುರು. ಬಣ್ಣ ಜೇನಿನಂತೆ ತಿಳಿಯಾಗಿ, ಹತ್ತು ಒತ್ತಿಗೂ ಒಂದೇ ಒಂದು ಗುಳ್ಳೆ ಕಾಣದಿದ್ದರೆ ಕೆಳಗಿನ ಅರ್ಧ ಮುಗಿಯಿತು. ಒಂದು ಮುಂಚಕ್ರಕ್ಕೆ 100 ಮಿ.ಲೀ. ಹತ್ತಿರ ಬಳಕೆಯಾದರೆ ಅಚ್ಚರಿಯಿಲ್ಲ. ಮುಂದೆ ಎರಡು ಡಿಸ್ಕ್ ಇರುವ ಬೈಕಾದರೆ ಮಾಸ್ಟರ್ ಸಿಲಿಂಡರಿಗೆ ದೂರದ ಕ್ಯಾಲಿಪರ್ ಮೊದಲು.

ಇಲ್ಲಿ ಎರಡು ಎಚ್ಚರಿಕೆ. ಲಿವರನ್ನು ಪಟಪಟನೆ ಪಂಪ್ ಮಾಡಬೇಡಿ. ದೊಡ್ಡ ಗುಳ್ಳೆ ಒಡೆದು ಮಜ್ಜಿಗೆಯ ನೊರೆಯಂತೆ ನೂರು ಸಣ್ಣ ಗುಳ್ಳೆಯಾಗಿ ಗೋಡೆಗೆ ಅಂಟಿಕೊಳ್ಳುತ್ತವೆ, ಅವು ಮತ್ತೆ ಒಂದಾಗಲು ಗಂಟೆಗಟ್ಟಲೆ ಬೇಕು. ಎರಡನೆಯದು ಹಳೆ ಬೈಕಿಗೆ: ಲಿವರ್ ಪೂರ್ತಿ ಹಿಡಿಗೆ ತಾಗುವಷ್ಟು ಒತ್ತಬೇಡಿ. ದಿನನಿತ್ಯದ ಬಳಕೆಯಲ್ಲಿ ಪಿಸ್ಟನ್ ಹೋಗದ ಸಿಲಿಂಡರಿನ ಆಳದಲ್ಲಿ ತುಕ್ಕು, ಕೆಸರು ಕೂತಿರುತ್ತದೆ, ಸೀಲ್ ಅಲ್ಲಿಗೆ ಹೋದರೆ ಅದರ ತುಟಿ ಹರಿಯಬಹುದು. ಬ್ಲೀಡ್ ಮಾಡಿದ ಮರುದಿನ ಮಾಸ್ಟರ್ ಸಿಲಿಂಡರ್ ಕೈಕೊಡುವುದು ಹೆಚ್ಚಾಗಿ ಹೀಗೆ. ಲಿವರಿನ ಹಿಂದೆ ಒಂದು ಮರದ ತುಂಡು ಅಡ್ಡ ಇಟ್ಟರೆ ಸಾಕು.

ಸಿರಿಂಜು ಅಥವಾ ವ್ಯಾಕ್ಯೂಮ್ ಪಂಪಿನಿಂದ ಕೆಳಗಿನಿಂದ ಎಳೆಯುವವರಿಗೆ ಇನ್ನೊಂದು ಭ್ರಮೆ ಕಾದಿರುತ್ತದೆ. ಬಾಟಲಿ ತುಂಬಿದರೂ ಪೈಪಿನಲ್ಲಿ ಸಣ್ಣ ಗುಳ್ಳೆ ನಿಲ್ಲುವುದೇ ಇಲ್ಲ. ಅದು ಒಳಗಿನ ಗಾಳಿಯಲ್ಲ, ಸಡಿಲಾದ ನಿಪ್ಪಲಿನ ಮರೆಗಳ (ಥ್ರೆಡ್) ಸಂದಿಯಿಂದ ಹೊರಗಿನ ಗಾಳಿ ನುಗ್ಗುತ್ತಿದೆ. ನಿಪ್ಪಲಿನ ಬುಡಕ್ಕೆ ಸುತ್ತಲೂ ಗ್ರೀಸ್ ಮೆತ್ತಿದರೆ ಕಡಿಮೆಯಾಗುತ್ತದೆ. ಕೈಯಿಂದ ಒತ್ತುವ ಹಳೆ ವಿಧಾನಕ್ಕೆ ಈ ಗೊಂದಲವಿಲ್ಲ, ಮನೆಯಲ್ಲಿ ಮಾಡುವವರಿಗೆ ಅದೇ ವಾಸಿ.

ಸಿಗದ ಕೊನೆಯ ಗುಳ್ಳೆ

ಕೆಳಗೆ ಗುಳ್ಳೆಯೇ ಇಲ್ಲ, ಲಿವರ್ ಮಾತ್ರ ಇನ್ನೂ ಮೆತ್ತಗೆ. ಆಗ ಗಾಳಿ ಇರುವುದು ಮೇಲೆ, ಹೋಸ್ ಮಾಸ್ಟರ್ ಸಿಲಿಂಡರಿಗೆ ಸೇರುವ ಬ್ಯಾಂಜೋ ಬೋಲ್ಟಿನ ಗೂಡಿನಲ್ಲಿ. ಒಂದೂವರೆ ಮಿ.ಲೀ.ಯ ಸಣ್ಣ ತಳ್ಳಾಟಕ್ಕೆ ಗುಳ್ಳೆ ಹೋಸಿನಲ್ಲಿ ಸ್ವಲ್ಪ ಇಳಿಯುತ್ತದೆ, ನೀವು ನಿಪ್ಪಲ್ ಮುಚ್ಚಿ ಲಿವರ್ ಬಿಡುವಷ್ಟರಲ್ಲಿ ಮತ್ತೆ ಏರಿ ತನ್ನ ಜಾಗಕ್ಕೆ ಬರುತ್ತದೆ. ಕೆಳಗಿನಿಂದ ಇದನ್ನು ಎಷ್ಟು ಎಳೆದರೂ ಬಾರದು.

ಅದು ಹೋಗಬೇಕೆಂದ ಕಡೆಗೇ ದಾರಿ ಮಾಡಿಕೊಡಿ. ಡಬ್ಬಿ ಬ್ಯಾಂಜೋಗಿಂತ ಎತ್ತರದಲ್ಲಿರುವಂತೆ ಹ್ಯಾಂಡಲ್ ತಿರುಗಿಸಿ. ಬೇಕಾದರೆ ಮಾಸ್ಟರ್ ಸಿಲಿಂಡರಿನ ಕ್ಲ್ಯಾಂಪ್ ಸಡಿಲಿಸಿ, ಡಬ್ಬಿ ಚೆಲ್ಲದಷ್ಟು ಓರೆ ಮಾಡಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಹೋಸನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಆಮೇಲೆ ಲಿವರನ್ನು ಬರೀ 3ರಿಂದ 5 ಮಿ.ಮೀ. ಮಾತ್ರ, ಮೆಲ್ಲಗೆ ಒತ್ತಿ ಬಿಡಿ. ಡಬ್ಬಿಯ ತಳದ ಆ ಸೂಜಿರಂಧ್ರದಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ ಒಂದೊಂದೇ ಏಳುತ್ತದೆ. ಹೆಚ್ಚು ಒತ್ತಿದರೆ ಪಿಸ್ಟನ್ ಆ ರಂಧ್ರವನ್ನು ದಾಟಿ ದಾರಿ ಮುಚ್ಚಿಬಿಡುತ್ತದೆ, ಆದ್ದರಿಂದಲೇ ಇಷ್ಟು ಸಣ್ಣ ಒತ್ತು. ಗುಳ್ಳೆ ಬರುವುದು ನಿಲ್ಲುವವರೆಗೆ ಹತ್ತು ಹದಿನೈದು ನಿಮಿಷ ಮಾಡಿ.

ಆಗಲೂ ಬಗ್ಗದಿದ್ದರೆ ಬ್ಯಾಂಜೋ ಬೋಲ್ಟನ್ನೇ ನಿಪ್ಪಲಿನಂತೆ ಬಳಸಬಹುದು. ಸುತ್ತ ದಪ್ಪ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಬೋಲ್ಟನ್ನು ತುಸುವೇ ಸಡಿಲಿಸಿ, ದ್ರವ ಜಿನುಗಿದ ಕೂಡಲೇ ಬಿಗಿದು, ಆಮೇಲೆ ಲಿವರ್ ಬಿಡುವುದು. ಎರಡು ಮೂರು ಸಲಕ್ಕೆ ಫಲ ಗೊತ್ತಾಗುತ್ತದೆ. ಅಲ್ಲಿನ ತಾಮ್ರದ ವಾಷರ್ ಒಮ್ಮೆ ಬಿಗಿದಾಗ ಚಪ್ಪಟೆಯಾಗಿ ಸೀಲ್ ಆಗುವಂಥದ್ದು, ಹೋಸನ್ನು ಪೂರ್ತಿ ಕಳಚಿದರೆ ಎರಡೂ ವಾಷರ್ ಹೊಸದು ಹಾಕಬೇಕು.

ಲಿವರನ್ನು ಹಿಡಿಗೆ ಕಟ್ಟಿ ರಾತ್ರಿಯಿಡೀ ಬಿಡುವ ಉಪಾಯ ಎಲ್ಲರೂ ಹೇಳುತ್ತಾರೆ. ಇದು ಮಂತ್ರವೇನಲ್ಲ. ಒತ್ತಡದಲ್ಲಿ ಗುಳ್ಳೆ ಕುಗ್ಗಿ ಗೋಡೆಯ ಅಂಟು ಬಿಟ್ಟು ಮೇಲೇರಿ ಸೇರಿಕೊಳ್ಳುತ್ತದೆ, ಬೆಳಿಗ್ಗೆ ಲಿವರ್ ಬಿಚ್ಚಿದಾಗ ಡಬ್ಬಿಗೆ ಹಾರುತ್ತದೆ. ನೊರೆಯಂಥ ಸಣ್ಣ ಗುಳ್ಳೆಗೆ ಒಳ್ಳೆಯ ಉಪಾಯ. ಆದರೆ ಬೆಳಿಗ್ಗೆ ಗಟ್ಟಿಯಿದ್ದ ಲಿವರ್ ಸಂಜೆಗೆ ಮೆತ್ತಗಾದರೆ ಗಾಳಿ ಹೋಗಿರಲಿಲ್ಲ, ಅಡಗಿತ್ತಷ್ಟೇ.

ಹೋಸ್ ಅಥವಾ ಕ್ಯಾಲಿಪರ್ ಹೊಸದಾಗಿ ಹಾಕಿ ಇಡೀ ದಾರಿ ಖಾಲಿಯಿದ್ದರೆ ಉಲ್ಟಾ ವಿಧಾನ ಎಲ್ಲಕ್ಕಿಂತ ವೇಗ. ಸಿರಿಂಜಿನಲ್ಲಿ ಹೊಸ ದ್ರವ ತುಂಬಿ, ಪೈಪಿನ ಗಾಳಿ ಮೊದಲೇ ಹೊರಹಾಕಿ, ನಿಪ್ಪಲ್ ಬಿಚ್ಚಿ ಕೆಳಗಿನಿಂದ ಮೇಲಕ್ಕೆ ನಿಧಾನ ತಳ್ಳುವುದು. ಗುಳ್ಳೆ ತಾನು ಹೋಗಬೇಕೆಂದ ಕಡೆಗೇ ಹೋಗುತ್ತದೆ. ಮೇಲೆ ಡಬ್ಬಿ ತುಂಬಿ ಹರಿಯದಂತೆ ಇನ್ನೊಬ್ಬರು ಎಳೆದು ತೆಗೆಯುತ್ತಿರಬೇಕು. ಹಳೆ ಕ್ಯಾಲಿಪರಿಗೆ ಮಾತ್ರ ಇದನ್ನು ಮಾಡಬೇಡಿ, ಅದರ ತಳದ ಕೆಸರೆಲ್ಲ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ.

ಹಿಂಚಕ್ರದಲ್ಲಿ ದಾರಿ ಚಿಕ್ಕದು, ಆದರೂ ಕೆಲವೊಮ್ಮೆ ಸತಾಯಿಸುತ್ತದೆ. ಕಾರಣ ಕ್ಯಾಲಿಪರ್ ಕೂತಿರುವ ಕೋನ. ನಿಪ್ಪಲ್ ಇರುವ ಜಾಗ ಕ್ಯಾಲಿಪರಿನ ಅತಿ ಎತ್ತರದ ಬಿಂದುವಾಗಿಲ್ಲದಿದ್ದರೆ ಅದಕ್ಕಿಂತ ಮೇಲಿನ ಮೂಲೆಯ ಗಾಳಿ ಅಲ್ಲೇ ಉಳಿಯುತ್ತದೆ. ಎರಡು ಬೋಲ್ಟು ಬಿಚ್ಚಿ ಕ್ಯಾಲಿಪರನ್ನು ಡಿಸ್ಕಿನಿಂದ ತೆಗೆದು, ಪ್ಯಾಡ್‌ಗಳ ನಡುವೆ ಡಿಸ್ಕಿನ ದಪ್ಪದ ಮರದ ಹಲಗೆ ಸಿಕ್ಕಿಸಿ, ನಿಪ್ಪಲ್ ನೆಟ್ಟಗೆ ಮೇಲೆ ಬರುವಂತೆ ಹಿಡಿದು ಬ್ಲೀಡ್ ಮಾಡಿ. ಹಲಗೆ ಇಲ್ಲದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಉದುರುತ್ತದೆ.

ಎಬಿಎಸ್ ಇದ್ದರೆ

ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಹಾಗಾಗಿ ಈಗಿನ ಎಷ್ಟೋ ಬೈಕುಗಳಲ್ಲಿ ಮಾಸ್ಟರ್ ಸಿಲಿಂಡರಿಗೂ ಕ್ಯಾಲಿಪರಿಗೂ ನಡುವೆ ಬ್ರೇಕಿನ ಒತ್ತಡ ಹೆಚ್ಚುಕಡಿಮೆ ಮಾಡುವ ಒಂದು ಮಾಡ್ಯುಲೇಟರ್ ಪೆಟ್ಟಿಗೆ ಇದೆ. ಸಿಂಗಲ್ ಚಾನೆಲ್ ಆದರೆ ಸಾಮಾನ್ಯವಾಗಿ ಮುಂಚಕ್ರದ ದಾರಿ ಮಾತ್ರ ಅದರ ಮೂಲಕ ಹೋಗುತ್ತದೆ.

ದ್ರವ ಬದಲಿಸುವುದಕ್ಕೆ, ಹೋಸಿನ ಗಾಳಿ ತೆಗೆಯುವುದಕ್ಕೆ ಇದೇ ವಿಧಾನ ಸಾಕು. ಇಗ್ನಿಷನ್ ಆಫ್ ಇರಲಿ, ಡಬ್ಬಿ ಖಾಲಿಯಾಗದಿರಲಿ. ಗಾಳಿ ಪೆಟ್ಟಿಗೆಯೊಳಗೇ ಹೊಕ್ಕರೆ ಕತೆ ಬೇರೆ. ಅಲ್ಲಿನ ವಾಲ್ವುಗಳು ಸುಮ್ಮನಿದ್ದಾಗ ಮುಚ್ಚಿರುವ ಕೋಣೆಗಳಿವೆ, ಅವನ್ನು ತೆರೆಯಲು ಪಂಪನ್ನು ಓಡಿಸುವ ಡಯಾಗ್ನಾಸ್ಟಿಕ್ ಟೂಲ್ ಬೇಕು, ಅದು ಸರ್ವಿಸ್ ಸೆಂಟರಿನಲ್ಲಿರುತ್ತದೆ. ಮಣ್ಣು ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿ ಎಬಿಎಸ್ ಓಡಿಸಿ ಗಾಳಿ ಹೊರತರುವ ಸಲಹೆ ಕೆಲವರು ಕೊಡುತ್ತಾರೆ. ನೆಟ್ಟಗೆ ಹಿಡಿಯದ ಬ್ರೇಕಿನಲ್ಲಿ ಜಾರು ಮಣ್ಣಿನ ಮೇಲೆ ಬ್ರೇಕ್ ಪರೀಕ್ಷೆ ಮಾಡಿ ಎಂದ ಹಾಗಾಯಿತು ಅದು.

ಮುಚ್ಚುವಾಗ

ನಿಪ್ಪಲಿಗೆ ಬೇಕಾದ ಬಿಗಿ 5ರಿಂದ 6 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಗಿಡ್ಡ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ನಿಖರ ಅಂಕಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್‌ನಲ್ಲಿದ್ದರೆ ಅದೇ ಕೊನೆಯ ಮಾತು. ಇನ್ನೂ ಸೋರಿದರೆ ಮತ್ತೆ ಬಿಗಿಯಬೇಡಿ, ಅದರ ಶಂಕುವಿನ ತುದಿಯಲ್ಲಿ ಕೊಳೆ ಸಿಕ್ಕಿದೆ ಎಂದರ್ಥ. ಟೋಪಿ ಮರೆಯದೆ ಹಾಕಿ, ಅದಿಲ್ಲದೆ ಮಳೆಗಾಲ ಕಳೆದ ನಿಪ್ಪಲೇ ಮುಂದಿನ ಸಲ ಮುರಿಯುವುದು.

ಡಬ್ಬಿಯಲ್ಲಿ ಮೇಲಿನ ಗೆರೆಯವರೆಗೆ ತುಂಬಿ, ಅದಕ್ಕಿಂತ ಹೆಚ್ಚು ಬೇಡ. ಹಿಗ್ಗಿ ಜೋತುಬಿದ್ದ ರಬ್ಬರ್ ಡಯಾಫ್ರಮ್‌ನ ಮಡಿಕೆಗಳನ್ನು ಬೆರಳಿಂದ ಒಳಕ್ಕೆ ಮಡಚಿ ಒಣಗಿಸಿ ಕೂರಿಸಿ. ಸ್ಕ್ರೂಗಳನ್ನು ಅತಿ ಬಿಗಿಯಬೇಡಿ. ಎಲ್ಲ ಕಡೆ ನೀರು ಸುರಿದು ತೊಳೆಯಿರಿ. ಹೊರತೆಗೆದ ದ್ರವ ವಿಷ, ಚರಂಡಿಗೂ ಗಿಡದ ಬುಡಕ್ಕೂ ಸುರಿಯುವಂಥದ್ದಲ್ಲ, ಬೇರೆ ಬಾಟಲಿಯಲ್ಲಿ ಮುಚ್ಚಿ ಹೆಸರು ಬರೆದು ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಕ್ಯಾಲಿಪರ್ ತೆಗೆದು ಹಾಕಿದ್ದರೆ ಬೈಕನ್ನು ಒಂದು ಅಡಿ ಸರಿಸುವ ಮೊದಲೇ ಲಿವರನ್ನು ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಪ್ಯಾಡ್ ಡಿಸ್ಕಿಗೆ ಬಂದು ತಾಗಬೇಕು. ಇದನ್ನು ಮರೆತು ಗೇಟು ದಾಟಿದವರಿಗೆ ಮೊದಲ ಒತ್ತಿನಲ್ಲಿ ಬ್ರೇಕೇ ಇರುವುದಿಲ್ಲ. ಆಮೇಲೆ ಲಿವರನ್ನು ಜೋರಾಗಿ ಎರಡು ನಿಮಿಷ ಒತ್ತಿ ಹಿಡಿಯಿರಿ, ಒಂದು ಕೂದಲೆಳೆಯಷ್ಟೂ ಇಳಿಯಬಾರದು. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಲಿವರ್ ಬಿಟ್ಟ ಮೇಲೆ ಸಲೀಸಾಗಿ ಸುತ್ತಬೇಕು. ಮೊದಲ ಓಟ ಅಂಗಳದಲ್ಲಿ, ಹೆಚ್ಚೆಂದರೆ 20 ಕಿ.ಮೀ. ವೇಗದಲ್ಲಿ.

ರಾತ್ರಿ ನಿಪ್ಪಲಿಗೂ ಬ್ಯಾಂಜೋ ಬೋಲ್ಟಿಗೂ ಒಂದೊಂದು ಒಣ ಟಿಶ್ಯೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದು, ತಣ್ಣಗಿನ ಮೊದಲ ಒತ್ತಿಗೇ ಲಿವರ್ ನಿನ್ನೆ ನಿಂತ ಜಾಗದಲ್ಲೇ ನಿಂತರೆ ರಸ್ತೆಗೆ ತೆಗೆಯಬಹುದು.